ಗುಲಾಬಿಗೆ ತಿರುಗುವ ತನಕ

ಬಿಸಿ ಆಸಿಡ್ಡಿನ ಗಾಜಿನ ಬುರುಡೆ ಅವಳ ಕೈಯಲ್ಲಿತ್ತು. ಬಾಗಿಲು ಅವಳ ಬೆನ್ನ ಹಿಂದೆ.

"ಕೂತ್ಕೊಳ್ಳಿ ಅಣ್ಣ," ಅಂದಳು ದಿಯೆಪ್. "ಓಡಿದ್ರೆ ನನ್ನ ಕೈ ಅಲುಗುತ್ತೆ."

ಕೂತೆ.

ನಮ್ಮ ಫಾನ್ ಥಿಯೆತ್ ಊರಲ್ಲಿ ನನಗೆ ಹೆದರದವರು ಕಮ್ಮಿ. ಅವರಲ್ಲೊಬ್ಬಳು ಬಯೋಟೆಕ್ ಕೊನೇ ವರ್ಷದಲ್ಲಿದ್ದಾಳೆ ಅಂತ ಯಾರೂ ಹೇಳಿರಲಿಲ್ಲ.

ಕೆಲಸ ಸಣ್ಣದು. ಮೀನಿನ ಸಾಸ್ ಮಾಡುವ ಖಾಂಗ್ ಧಣಿಯ ಸರಕಿನ ಒಂದು ಶೀಷೆಯನ್ನು ಈ ಹುಡುಗರು ಕಾಲೇಜು ಪ್ರಾಜೆಕ್ಟಿಗೆ ಪರೀಕ್ಷಿಸಲು ಒಯ್ದಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು.

"ಆ ಶೀಷೆ ನನಗೆ ತಂದುಕೊಡು," ಅಂದಿದ್ದ ಖಾಂಗ್. "ಅಲ್ಲಿ ಒಳ್ಳೇ ಸಾಸ್ ಇಡು. ತಪ್ಪಿದ್ರೆ ನಿನ್ನ ದೋಣೀನ ಬಂಡೆಗೆ ಹೊಡೀತೀನಿ. ನಿನ್ನನ್ನ ಒಳಗೆ ಕೂರಿಸಿ."

ಮಧ್ಯಾಹ್ನದ ನಿದ್ದೆಯ ಹೊತ್ತು ಅವರ ಲ್ಯಾಬಿಗೆ ಹೋದೆ. ಊರಿಗೆ ಊರೇ ಮಲಗಿರುತ್ತದೆ. ಅವನ ಶೀಷೆ ಚೀಲಕ್ಕೆ ಹಾಕಿ, ಅದೇ ಲೇಬಲ್ಲಿನ ಇನ್ನೊಂದನ್ನಿಟ್ಟು ತಿರುಗಿದೆ... ಅವಳೂ ಮಲಗಿದ್ದಳು. ಅದೇ ಮೇಜಿನ ಕೆಳಗೆ.

"ಏಸಿ ರಿಪೇರಿ," ಅಂದೆ.

ಲ್ಯಾಬಿನಲ್ಲಿ ಏಸಿ ಇರಲಿಲ್ಲ.

ಈಗ ಬಾಗಿಲಲ್ಲಿ ಅವಳ ಜೊತೆಗಾರ ಥಿನ್, ಎಂಜಿನಿಯರಿಂಗ್ ಹುಡುಗ, ಕಬ್ಬಿಣದ ಸ್ಟ್ಯಾಂಡ್ ಹಿಡಿದು ನಿಂತಿದ್ದ.

"ಗಾರ್ಡನ್ನ ಕರೀಲಾ?" ಅಂದ.

"ಬೇಡ. ಇವರು ಏನನ್ನಾದ್ರೂ ಮುಟ್ಟಿದ್ರೆ ಸಾಸೇ ಹೇಳುತ್ತೆ."

ಮೇಜಿನ ಮೇಲಿದ್ದ ಶೀಷೆಯಿಂದ ಒಂದಿಷ್ಟು ತೆಗೆದು ಆಸಿಡ್ಡಿನಲ್ಲಿ ಕುದಿಸಿದಳು. ಬಟ್ಟಿ ಇಳಿಸಿದಳು. ಸಂಜೆಯಾಯಿತು. ನನ್ನ ಕೈಯಲ್ಲಿ ಗಾಜಿನ ಕೊಳವೆಗಳನ್ನೆಲ್ಲ ತೊಳೆಸಿದಳು. ಕೊನೆಗೆ ಹಸಿರು ದ್ರವವೊಂದು ನಮ್ಮ ಮುಂದೆ ಕೂತಿತು.

"ಹನಿಹನಿಯಾಗಿ ಬಿಡ್ತೀನಿ. ಮೀನಿನ ಸಾರ ಜಾಸ್ತಿ ಇದ್ದಷ್ಟೂ ಜಾಸ್ತಿ ಹನಿ ಕುಡಿಯುತ್ತೆ. ಸಾಕಾದಾಗ ಗುಲಾಬಿಗೆ ತಿರುಗುತ್ತೆ. ಲೇಬಲ್ ಮೇಲೆ ಸಾರ ಮೂವತ್ತು ಅಂತಿದೆ. ಮೂವತ್ತಕ್ಕೆ ತಿರುಗಿದ್ರೆ ಮನೆಗೆ ಹೋಗಿ."

ಮೂವತ್ತು ಬಂತು. ನಾನು ಅರ್ಧ ಎದ್ದೆ.

ಹಸಿರು.

ಇನ್ನೂ ಹಸಿರು.

ಮೂವತ್ತೆಂಟಕ್ಕೆ ಗುಲಾಬಿ.

ನಲ್ಲಿ ತೊಟ್ಟಿಕ್ಕುತ್ತಿತ್ತು.

"ಲೇಬಲ್ಲಿಗಿಂತ ಜಾಸ್ತಿ ಕೊಡೋ ಧಣಿ ಈ ಕರಾವಳೀಲಿ ಹುಟ್ಟಿಲ್ಲ," ಅಂದಳು. ಇಲ್ಲಿ ಏನನ್ನೂ ಬಾಯಿಗಿಡಬಾರದು ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದಿತ್ತು. ಶೀಷೆಗೆ ಬೆರಳು ಅದ್ದಿ ನೆಕ್ಕಿದಳು. "ಮರದ ಪೀಪಾಯಿ. ಅದರಿಂದ ಮೊದಲು ಇಳಿಸಿದ ಗಟ್ಟಿ ಸಾಸ್. ಯಾರದಣ್ಣ ಇದು?"

ಒಳ್ಳೇ ಸಾಸ್ ಇಡು ಅಂದಿದ್ದ ಖಾಂಗ್. ಅಂಗಡಿಯಿಂದ ಸಾಧಾರಣದ್ದು ತರಬಹುದಿತ್ತು. ಆದರೆ ನಮ್ಮ ಊರಲ್ಲಿ ಒಳ್ಳೇ ಸಾಸ್ ಅಂದರೆ ಪ್ರತಿಯೊಬ್ಬನಿಗೂ ಒಂದೇ.

"ಅಮ್ಮಂದು," ಅಂದೆ.

ಅವಳು ಪೆನ್ನು ತೆಗೆದಳು. "ಹಾಗಾದ್ರೆ ನಿಮ್ಮಮ್ಮನ ಮೂವತ್ತೆಂಟನ್ನ ಖಾಂಗ್ ಹೆಸರಿಗೆ ಬರ್ಕೊಳ್ಳಲಾ?"

ಚಾಕು ತೋರಿಸಿದವರನ್ನು ನೋಡಿದ್ದೇನೆ. ಯಾರೂ ಇಷ್ಟು ಮೆತ್ತಗೆ ತೋರಿಸಿರಲಿಲ್ಲ.

ಚೀಲದಿಂದ ಖಾಂಗ್‌ನ ಶೀಷೆ ತೆಗೆದು ಮೇಜಿನ ಮೇಲಿಟ್ಟೆ.

ಮತ್ತೆ ಕುದಿಸಿದರು, ಮತ್ತೆ ಹನಿ ಬಿಟ್ಟರು. ಹನ್ನೊಂದಕ್ಕೇ ಗುಲಾಬಿ. ಹೊರಗೆ ಖಾಂಗ್‌ನ ಕಾರು ನನಗಾಗಿ ಹಾರ್ನ್ ಹೊಡೆಯುತ್ತಿತ್ತು.

"ಬಂಡೆಗೆ ಹೊಡೆದ ದೋಣಿ ಬಂದ್ರೆ," ಅಂತ ಕೇಳಿದೆ, "ಅದು ನಿಮ್ಮಲ್ಲಿ ಯಾರ ಪ್ರಾಜೆಕ್ಟು?"

"ನಂದು," ಅಂದ ಥಿನ್, ಸ್ಟ್ಯಾಂಡ್ ಕೆಳಗಿಡುತ್ತ. "ಒಳಗಿದ್ದವರು ಬಯೋಟೆಕ್‌ನವರ ಪಾಲು."