ನಾಲ್ಕನೆಯ ಕ್ಲಿಪ್ಪಿನ ಫಿಲ್ಮು

೧೯೫೧ರ ಫೆಬ್ರುವರಿ ೧೭, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಹಲ್ಲಿನ ಡಾಕ್ಟರ್ ಜಹೀರುದ್ದೀನ್ ಬಳ್ಳಾರಿ ಠಾಣೆಗೆ ಬಂದು, ದವಾಖಾನೆಯಲ್ಲಿ ಒಣಗಲು ತೂಗುಹಾಕಿದ್ದ ಎಕ್ಸರೆ ಫಿಲ್ಮೊಂದು ಹಿಂದಿನ ಸಂಜೆ ಕಳುವಾಗಿದೆ ಎಂದು ದೂರು ಬರೆದುಕೊಟ್ಟರು. ಸಬ್ ಇನ್ಸ್‌ಪೆಕ್ಟರ್ ತಿಪ್ಪೇರುದ್ರಪ್ಪನಿಗೆ ರೇಗಿತು. ಊರಲ್ಲಿ ಎತ್ತು ಕಳುವಾಗುತ್ತವೆ, ಸೈಕಲ್ಲು ಕಳುವಾಗುತ್ತವೆ. ಹಲ್ಲಿನ ಚಿತ್ರ ಯಾವನಿಗೆ ಬೇಕು? ಆದರೂ ಎಫ್‌ಐಆರ್ ಬರೆಸಿ, ಹೆಡ್ ಕಾನ್‌ಸ್ಟೇಬಲ್ ರಾಜೇಸಾಬನನ್ನು ಕರೆದುಕೊಂಡು ಹೊರಟ.

ದವಾಖಾನೆಯ ತಂತಿಯಲ್ಲಿ ಐದು ಕ್ಲಿಪ್ಪು, ನಾಲ್ಕನೆಯದು ಖಾಲಿ. ಅದರ ಕೆಳಗಿನಿಂದ ಬಾಗಿಲವರೆಗೂ ನೆಲದ ಮೇಲೆ ತೊಟ್ಟಿಕ್ಕಿದ ಕಲೆ. ಹಸಿಯಿರುವಾಗಲೇ ಎತ್ತಿದ್ದಾರೆ. ರಿಜಿಸ್ಟರಿನ ಪ್ರಕಾರ ಅದು ಸಿರುಗುಪ್ಪದ ಹಂಪಕ್ಕನದು. ಹತ್ತೊಂಬತ್ತರ ಹುಡುಗಿ, ದವಡೆ ಹಲ್ಲಿನ ನೋವು. ತಾಯಿ ವಿರೂಪಮ್ಮ ಕರೆತಂದಿದ್ದಳು.

ಫಿಲ್ಮಿನಲ್ಲಿ ಏನಿತ್ತೆಂದು ಕೇಳಿದಾಗ ಡಾಕ್ಟರು ತಮ್ಮ ಕಿವಿಯ ಮುಂದೆ ಬೆರಳಿಟ್ಟು ತೋರಿಸಿದರು. ದವಡೆಯ ಕೀಲು ಕೂಡುವ ಎಲುಬಿನೊಳಗೆ ಕಪ್ಪು ಗುಳ್ಳೆಗಳ ಗೊಂಚಲು.

"ಗಾಳಿ ಗೂಡು ಅವು. ಕೆಲವರಿಗೆ ಹಂಗ ಬೆಳೀತಾವ. ರೋಗ ಅಲ್ಲ."

"ತಾಯಿಗೆ ಹೇಳಿದ್ರೇನು?"

ಸೋಮವಾರ ಬಂದಾಗ ಹೇಳಿದರಾಯಿತು ಅಂದುಕೊಂಡಿದ್ದರಂತೆ. ಆದರೆ ಕಾಂಪೌಂಡರ್ ಉಚ್ಚೆಂಗೆಪ್ಪ ಅಷ್ಟರಲ್ಲಿ ಫಿಲ್ಮನ್ನು ಬೆಳಕಿಗೆ ಹಿಡಿದು ಆಕೆಗೆ ತೋರಿಸಿದ್ದ.

"ಏನಂತ ಹೇಳಿದಿ ಲೇ?"

"ಎಲುಬಿನ್ಯಾಗ ತೂತು ಬಿದ್ದಾವ, ಹುಳುಕು ಒಳಗ ಇಳದೈತಿ ಅಂದೆ ಸಾಹೇಬ್ರ."

"ಹುಳುಕು ನಿನ್ನ ನಾಲಿಗಿಗೆ ಹತ್ತೈತಿ."

ಹಂಪಕ್ಕನಿಗೆ ಕುರುಗೋಡಿನಲ್ಲಿ ಸಂಬಂಧ ಗೊತ್ತಾಗಿತ್ತು. ಹುಡುಗಿಯ ನೋವೇನೆಂದು ಡಾಕ್ಟರನ್ನೇ ಕೇಳಲು ಬೀಗರು ಸೋಮವಾರ ಬರುವವರಿದ್ದರು. ಅದನ್ನೂ ವಿರೂಪಮ್ಮನೇ ಕಾಂಪೌಂಡರನಿಗೆ ಹೇಳಿ ಅತ್ತಿದ್ದಳು.

ಭಾನುವಾರ ಬೆಳಿಗ್ಗೆ ಪೊಲೀಸರಿಬ್ಬರೂ ಸಮವಸ್ತ್ರ ಬಿಟ್ಟು ಪಂಚೆಯುಟ್ಟು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದರು. ಪಕ್ಕದ ಮನೆಯಾಕೆ ಇಣುಕಿ, ಬೀಗರೇನು ಎಂದು ಕೇಳಿದಳು. "ಹೌದವ್ವ, ದೂರದ ಬೀಗರು," ಎಂದ ರಾಜೇಸಾಬ.

ವಿರೂಪಮ್ಮ ಅಲ್ಲಗಳೆಯಲಿಲ್ಲ. ಜೋಳದ ಗಡಿಗೆಯೊಳಗೆ ಕೈಹಾಕಿ ಫಿಲ್ಮು ತೆಗೆದಳು. ಹಸಿಯದನ್ನೇ ಹೂತಿದ್ದರಿಂದ ಕಾಳು ಅಂಟಿಕೊಂಡು ಚಿತ್ರವೆಲ್ಲ ಕೆಟ್ಟುಹೋಗಿತ್ತು.

"ಸುಟ್ಟುಬಿಟ್ಟಿದ್ರ ನಮಗ ಸಿಗ್ತಿರಲಿಲ್ಲ," ಎಂದ ತಿಪ್ಪೇರುದ್ರಪ್ಪ.

"ಮಗಳ ಎಲುಬು ಅದು, ಸಾಹೇಬ್ರ. ಹೆಂಗ ಸುಡ್ಲಿ?"

ಕಾಯ್ದೆಯ ಪ್ರಕಾರ ಮಾಲು ಸಿಕ್ಕಲ್ಲಿಯೇ ಪಂಚನಾಮೆ ಮಾಡಬೇಕು. ಅದಕ್ಕೆ ಇಬ್ಬರು ಪಂಚರು ಬೇಕು. ಆ ಓಣಿಯಲ್ಲಿ ಇಬ್ಬರಿಗೆ ಗೊತ್ತಾದರೆ ಕುರುಗೋಡಿಗೆ ಗೊತ್ತಾದಂತೆಯೇ. ತಿಪ್ಪೇರುದ್ರಪ್ಪ ವಿರೂಪಮ್ಮನಿಗೆ, ಡಾಕ್ಟರು ಕರೆದಿದ್ದಾರೆಂದು ಮಗಳಿಗೆ ಹೇಳಿ, ಫಿಲ್ಮನ್ನು ನೀನೇ ಹಿಡಿದುಕೊಂಡು ಮಧ್ಯಾಹ್ನದ ಬಸ್ಸಿಗೆ ಬಳ್ಳಾರಿಗೆ ಬಾ ಎಂದ. ತಾವಿಬ್ಬರೂ ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತರು.

ಸಂಜೆ ನಾಲ್ಕೂವರೆಗೆ ಠಾಣೆಯಲ್ಲಿ, ಬಳ್ಳಾರಿಯ ಇಬ್ಬರು ಅಂಗಡಿಯವರ ಮುಂದೆ ಪಂಚನಾಮೆ ಆಯಿತು. ಐದು ಗಂಟೆಗೆ ವಿರೂಪಮ್ಮನ ಬಂಧನ. ಜಾಮೀನಿಗೆ ದೂರು ಕೊಟ್ಟ ಡಾಕ್ಟರೇ ಸಹಿ ಹಾಕಿದರು; ಇದು ರೋಗವಲ್ಲವೆಂದು ಬೀಗರಿಗೆ ತಾವೇ ಹೇಳುವುದಾಗಿ ಒಪ್ಪಿಕೊಂಡರು. ಡಾಕ್ಟರ ಹೇಳಿಕೆಯನ್ನು ತಿಪ್ಪೇರುದ್ರಪ್ಪ ಆಕೆಗೆ ಓದಿ ಹೇಳಿದ: ಗಾಳಿ ಗೂಡು, ಕೆಲವರಿಗೆ ಹಾಗೇ ಬೆಳೆಯುವಂಥದು, ರೋಗವಲ್ಲ.

"ಇನ್ನೊಮ್ಮೆ ಓದ್ರಿ," ಎಂದಳು ವಿರೂಪಮ್ಮ. ಓದಿದ.

ಆಕೆ ಹೋದ ಮೇಲೆ ಡೈರಿಯಲ್ಲಿ ಕಳವಿನ ಉದ್ದೇಶ ಬರೆಯಬೇಕಾಯಿತು. 'ಲಾಭ' ಎಂದು ಬರೆದವನು ಅದನ್ನು ಹೊಡೆದುಹಾಕಿ, ಹೀಗೆ ಬರೆದ: ಆರೋಪಿಯ ಹಿರಿಯ ಮಗಳ ಹೆಸರು ಜೋಗಮ್ಮ. ಮೂರು ವರ್ಷದ ಹಿಂದೆ ಬರೀ ಕೆಮ್ಮಿಗೆ ಕ್ಷಯವೆಂದು ಸುದ್ದಿ ಹಬ್ಬಿ, ಗೊತ್ತಾದ ಮದುವೆ ನಿಂತಿತು. ಆಕೆಗೆ ಕ್ಷಯ ಇರಲಿಲ್ಲ. ಈಗಲೂ ಮನೆಯಲ್ಲಿದ್ದಾಳೆ.