ಪಾರ್ಸಲ್ ಅಕ್ಕನ ಅಲಾರಂ

ಎರಡನೇ ಬೆಲ್ಲಿಗೆ ಬಾಗಿಲು ತೆರೆಯುವ ಮನೆ ಅದು. ಐದನೇ ಬೆಲ್ಲಿಗೂ ತೆರೆಯಲಿಲ್ಲ. ಕೊರಿಯರ್‌ನವನು ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು ಕಿಟಕಿಯ ಗಾಜಿಗೆ ಹಣೆ ಹಚ್ಚಿ ಇಣುಕಿದ. ನೆಲದ ಮೇಲೆ ಒಂದು ಕೈ ಕಂಡಿತು.

ಬೆಳಗ್ಗೆ ಹತ್ತೂವರೆ. ಪಾರ್ಸಲ್ ಅಕ್ಕ ತೀರಿಕೊಂಡಿದ್ದಳು.

ವಾಚ್ ರಿಪೇರಿ ಅವಳ ಕಸುಬು. ಬಿಡಿಭಾಗಗಳನ್ನು ನೇರವಾಗಿ ಹೊರದೇಶದ ಆನ್‌ಲೈನ್ ಅಂಗಡಿಗಳಿಂದ ತರಿಸುತ್ತಿದ್ದಳು. ಇಲ್ಲಿನ ಅರ್ಧ ಬೆಲೆ. ರುಚಿ ಹತ್ತಿದ ಮೇಲೆ ಕತ್ತರಿ, ಕಂಬಳಿ, ಗ್ಯಾಸ್ ಹೀಟರ್ ಎಲ್ಲವೂ ಅಲ್ಲಿಂದಲೇ ಬಂದವು. ಸಾಗಣೆ ಖರ್ಚು ಉಳಿಯಲೆಂದು ಓಣಿಯವರೂ ತಮಗೆ ಬೇಕಾದ್ದನ್ನು ಅವಳ ಆರ್ಡರಿಗೆ ಸೇರಿಸುತ್ತಿದ್ದರು. ಹೆಸರು ಬಿದ್ದದ್ದು ಹಾಗೆ.

"ಹೀಟರಿನ ಹೊಗೆ," ಎಂದರು ಡಾಕ್ಟರು. "ಕಾರ್ಬನ್ ಮೊನಾಕ್ಸೈಡ್. ವಾಸನೆಯೇ ಇರದ ವಿಷ."

ಅದನ್ನು ಪತ್ತೆಹಚ್ಚುವ ಬಿಳಿ ಅಲಾರಂ ಗೋಡೆಯ ಮೇಲೇ ಇತ್ತು. ಇನ್‌ಸ್ಪೆಕ್ಟರ್ ಅದರ ಗುಂಡಿ ಒತ್ತಿದಳು. ಸದ್ದಿಲ್ಲ.

"ಬಡ್ಕೊಂಡೆ ಮೇಡಂ," ಎಂದ ಸತ್ತವಳ ಅಣ್ಣ. ಪ್ಲಂಬರ್. ಓಣಿಯ ಹುಡುಗನೊಬ್ಬ ಹೋಗಿ ಹೇಳಿದ್ದೇ ಕೆಲಸದ ಚೀಲದ ಸಮೇತ ಓಡಿಬಂದಿದ್ದ. "ಹೀಟರ್ರೂ ಅಗ್ಗದ್ದು, ಅಲಾರಮ್ಮೂ ಅಗ್ಗದ್ದು. ನನ್ನ ಮಾತು ಕೇಳಿದ್ರೆ ತಾನೆ?"

"ನೀವು ಈ ಕಡೆ ಬಂದು ಎಷ್ಟು ದಿನ ಆಯ್ತು?"

"ವಾರ ಆಗಿರ್ಬೇಕು."

* * *

ಕೆಳಗಿನ ಮನೆಯ ಮೇಷ್ಟ್ರು ಒಪ್ಪಲಿಲ್ಲ.

"ಅಲಾರಂ ಕೆಟ್ಟಿತ್ತಾ? ಚೆನ್ನಾಗೇ ಮಾತಾಡ್ತಿತ್ತಲ್ಲ."

"ಮಾತಾಡ್ತಿತ್ತಾ?"

"ಅದರ ದೇಶದ ಭಾಷೇಲಿ. ಹೆಂಗಸಿನ ದನಿ. ಭಾನುವಾರ ಭಾನುವಾರ ಒತ್ತಿ ನೋಡ್ತಿದ್ಲು. 'ನಿನ್ನ ಫಾರಿನ್ ನಾದಿನಿ ಎದ್ಲಾ' ಅಂತ ರೇಗಿಸ್ತಿದ್ದೆ. ಇವತ್ತೂ ಏಳು ಗಂಟೆಗೆ ವಾಕಿಂಗ್ ಮುಗಿಸಿ ಬಂದಾಗ ಕೂಗ್ತಿತ್ತು."

"ಇವತ್ತು ಭಾನುವಾರ ಅಲ್ಲ ಮೇಷ್ಟ್ರೇ."

ಮೇಷ್ಟ್ರು ಒರೆಸುತ್ತಿದ್ದ ಕನ್ನಡಕ ಕೈಯಲ್ಲೇ ಉಳಿಯಿತು.

"ಇನ್ನೂ ಐದು ನಿಮಿಷ ಕೂಗ್ತು," ಎಂದರು ಕೊನೆಗೆ. "ಆಮೇಲೆ ಬಾಯಿ ಮುಚ್ಚಿಸಿದ ಹಾಗೆ ನಿಂತುಹೋಯ್ತು. ನಾನು ಕಾಫಿ ಕುಡೀತಾ ಕೂತಿದ್ದೆ."

* * *

ಇನ್‌ಸ್ಪೆಕ್ಟರ್ ಮೇಲೆ ಬಂದು ಅಲಾರಂ ಬಿಚ್ಚಿದಳು. ಒಳಗೆ ಎರಡು ಕೆಂಪು ಬ್ಯಾಟರಿ. ಮೂಲೆಯ ಅಂಗಡಿಯಲ್ಲಿ ಸಿಗುವಂಥವು. ಕಪಾಟಿನಲ್ಲಿ ಅಲಾರಮ್ಮಿನ ಖಾಲಿ ಡಬ್ಬ ಸಿಕ್ಕಿತು. ಅದರ ಮೇಲಿನ ಚಿತ್ರದಲ್ಲಿ ಅಲಾರಂ, ಜೊತೆಗೆ ಕೊಟ್ಟ ಎರಡು ಹಸಿರು ಬ್ಯಾಟರಿ. ಬಂದು ಮೂರೇ ವಾರವಾಗಿತ್ತು.

"ಸ್ವಲ್ಪ ನಿಮ್ಮ ಟಾರ್ಚ್ ಕೊಡಿ," ಎಂದಳು ಪ್ಲಂಬರಿಗೆ.

ಹೀಟರಿನ ಹಿಂದೆ ಬೆಳಕು ಬಿಟ್ಟಳು. ಕಣ್ಣು ಕೋರೈಸುವ ಬೆಳಕು. ಹೊಗೆ ಹೊರಹೋಗುವ ಕೊಳವೆ ಕೂಡುವ ಕೀಲಿಗೆ, ಸೋರಿಕೆ ಮುಚ್ಚುವ ಬಿಳಿ ಪೇಸ್ಟ್ ಬಳಿದಿತ್ತು. ಮುಟ್ಟಿದರೆ ಬೆರಳಿಗೆ ಅಂಟಿತು.

"ಈ ಪೈಪ್ ಕೂಡಿಸಿದ್ದು?"

"ನಾನೇ. ಎರಡು ತಿಂಗಳಾಯ್ತು."

"ಪೇಸ್ಟ್ ಇನ್ನೂ ಹಸಿ ಇದೆ."

ಅವಳು ಟಾರ್ಚಿನ ಹಿಂಬದಿಯ ಮುಚ್ಚಳ ತಿರುಗಿಸಿದಳು. ಅಂಗೈಗೆ ಎರಡು ಹಸಿರು ಬ್ಯಾಟರಿ ಜಾರಿಬಿದ್ದವು.

"ಹೀಟರ್ ಸರಿಯಾಗಿಯೇ ಉರೀತಿತ್ತು. ಬಿಟ್ಟುಕೊಂಡದ್ದು ನಿಮ್ಮ ಕೀಲು," ಎಂದಳು ಇನ್‌ಸ್ಪೆಕ್ಟರ್. "ಏಳಕ್ಕೆ ಬಂದ್ರಿ. ತಂಗಿ ಬಿದ್ದಿದ್ಲು, ಅಲಾರಂ ಕೂಗ್ತಿತ್ತು. ಹೀಟರ್ ಆರಿಸಿ ಕೀಲು ಮುಚ್ಚಿದ್ರಿ. ಅಲಾರಮ್ಮಿಗೆ ನಿಮ್ಮ ಟಾರ್ಚಿನ ಸತ್ತ ಬ್ಯಾಟರಿ ಹಾಕಿದ್ರಿ. ಅಗ್ಗದ ಮಾಲಿನ ಮೇಲೆ ತಪ್ಪು ಹೊರಿಸಿದ್ರೆ ಯಾರೂ ಅನುಮಾನ ಪಡಲ್ಲ."

"ನಿನ್ನೆ ಸಂಜೆ ಫೋನ್ ಮಾಡಿದ್ಲು, ತಲೆನೋವು ಅಂತ," ಎಂದ ಅವನು. "ಪೈಪ್ ನೋಡೋಣ ಅಂತ ಬಂದು, ನನ್ನ ಹತ್ರ ಇದ್ದ ಬೀಗದ ಕೈಲಿ ಬಾಗಿಲು ತೆಗೆದೆ. ಅಷ್ಟರಲ್ಲೇ ಹೋಗ್ಬಿಟ್ಟಿದ್ಲು ಮೇಡಂ. ನನ್ನ ಲೈಸೆನ್ಸ್ ಹೋಗುತ್ತೆ ಅಂತ…"

"ಮುಟ್ಟಿ ನೋಡಿದ್ರಾ?"

"ಧೈರ್ಯ ಬರ್ಲಿಲ್ಲ."

"ಕಿಟಕಿ ತೆಗೆದ್ರಾ?"

"ಯಾರಾದ್ರೂ ನೋಡಿಬಿಟ್ರೆ ಅಂತ ತೆಗೀಲಿಲ್ಲ."

ಇನ್‌ಸ್ಪೆಕ್ಟರ್ ಸತ್ತವಳ ಫೋನ್ ತೆರೆದು ಕೊನೆಯ ಕರೆ ನೋಡಿದಳು.

"ನಿಮ್ಮ ಫೋನ್ ತೆಗೀರಿ. ಬೆಳಗ್ಗೆಯಿಂದ ನೋಡಿಲ್ಲ ಅನ್ಸುತ್ತೆ."

ಸೈಲೆಂಟಿಗೆ ಹಾಕಿ ಚೀಲದ ತಳಕ್ಕೆ ತುರುಕಿದ್ದ ಫೋನನ್ನು ಅವನು ಹೊರತೆಗೆದ. ತೆರೆಯ ಮೇಲೆ ಒಂದೇ ಒಂದು ಮಿಸ್ಡ್ ಕಾಲ್ ಇತ್ತು. ಎಂಟು ಗಂಟೆ ಇಪ್ಪತ್ತೆರಡು ನಿಮಿಷ. ತಂಗಿ.

ಅವನು ಅದನ್ನು ಎರಡು ಸಲ ಓದಿದ.