ಯಜಮಾನರ ಅರ್ಧ ಗಡ್ಡ

ಬೆಳಗ್ಗೆ ಏಳಕ್ಕೆ ಕೋಣೆಯ ಬಾಗಿಲು ತಳ್ಳಿದೆ. ಯಜಮಾನರು ಎಂದಿನಂತೆ ಕನ್ನಡಿಯ ಮುಂದಿನ ಕುರ್ಚಿಯಲ್ಲಿದ್ದರು. ಎಡಗೆನ್ನೆ ನುಣ್ಣಗಿತ್ತು. ಬಲಗೆನ್ನೆಯ ಮೇಲೆ ಸೋಪಿನ ನೊರೆ ಇನ್ನೂ ಹಸಿ. ಕತ್ತು ಸೀಳಿತ್ತು.

ನಲವತ್ತೊಂದು ವರ್ಷ ಆ ಮುಖಕ್ಕೆ ಕ್ಷೌರ ಮಾಡಿದವನು ನಾನು. ಅವರ ಹೆಸರೆತ್ತುವಾಗ ಅರ್ಧ ಊರು ದನಿ ತಗ್ಗಿಸುತ್ತಿತ್ತು. ಅವರು ಮಾತ್ರ ನನ್ನ ಕತ್ತಿಯ ಕೆಳಗೆ ಕಣ್ಣು ಮುಚ್ಚಿ ಕೂರುತ್ತಿದ್ದರು.

ನಾನು ಕೂಗಿಕೊಂಡೆ.

*

“ಅಜ್ಜ, ಅವರ ಕತ್ತಿನ ಹತ್ರ ಕತ್ತಿ ಹಿಡಿಯೋರು ನೀವೊಬ್ರೇ ಅಂತೆ?” ಇನ್ಸ್‌ಪೆಕ್ಟರ್ ಕೇಳಿದರು.

“ಹೌದು ಸಾರ್.”

“ಮತ್ತೆ?”

“ನಾನು ಅರ್ಧ ಗಡ್ಡ ಬಿಟ್ಟು ಎದ್ದೋನಲ್ಲ ಸಾರ್.”

ಗೇಟಿನ ಕಾವಲುಗಾರ ನನ್ನನ್ನು ಉಳಿಸಿದ. “ಒಳಗೆ ಹೋದ್ರು, ಕೂಗಿದ್ರು. ನಾನು ಸಿಗರೇಟು ಹಚ್ಚೋಕೂ ಟೈಮಿರ್ಲಿಲ್ಲ.”

ಹಿಂದಿನ ಕಿಟಕಿ ತೆರೆದಿತ್ತು. ಯಜಮಾನರ ಮಗ ಅದನ್ನೇ ತೋರಿಸಿ ಕಿರುಚಾಡಿದ. “ಮಾರ್ಕೆಟ್ಟಿನ ಗ್ಯಾಂಗಿನೋರೇ! ಇವತ್ತು ಅಪ್ಪ ಎಲ್ಲಾನೂ ನನ್ನ ಕೈಗೆ ಒಪ್ಪಿಸ್ತಿದ್ರು. ಅದನ್ನ ಸಹಿಸ್ಲಿಲ್ಲ ಆ ನನ್ಮಕ್ಳು!”

“ಕಿರುಚಬೇಡ,” ಎಂದಳು ಅವನ ಅಕ್ಕ. “ಅಪ್ಪ ಇನ್ನೂ ಮನೇಲೇ ಇದಾರೆ.”

ಅವನು ತೆಪ್ಪಗಾದ. ಆಳುಕಾಳುಗಳೂ ತೆಪ್ಪಗಾದರು. ನಮಗೆಲ್ಲ ಅವಳು ಅಕ್ಕನೇ.

ಇನ್ಸ್‌ಪೆಕ್ಟರ್ ಕಿಟಕಿಯ ಬಳಿ ಬಗ್ಗಿದರು. ಹಲಗೆಯ ಮೇಲಿನ ಧೂಳು ಕದಡಿರಲಿಲ್ಲ. “ಹೊರಗಿನೋರಲ್ಲ,” ಎಂದರು ಮೆಲ್ಲಗೆ.

*

ಮಧ್ಯಾಹ್ನ ಯಜಮಾನರ ಡ್ರೈವರ್ ಠಾಣೆಗೆ ಬಂದು, ತಾನೇ ಕೊಂದೆ ಎಂದ. ಕತ್ತಿ ಅವನ ಸೀಟಿನ ಕೆಳಗಿತ್ತು. ಅವನನ್ನು ಕರೆತಂದವಳು ಅಕ್ಕ.

ಅವನು ನನ್ನ ಒಬ್ಬನೇ ಮಗ.

ನಾನು ಓಡಿದೆ.

“ಸಾರ್, ನನ್ನ ಮಗ ಅಲ್ಲ.”

“ಎಲ್ಲಾ ಅಪ್ಪಂದಿರೂ ಹಾಗೇ ಅಂತಾರೆ ಅಜ್ಜ.”

“ಎಡ ದವಡೆ ಕೆಳಗೆ ಹತ್ತಿ ಅಂಟಿತ್ತಲ್ಲ, ನೋಡಿದ್ರಾ?”

“ಹತ್ತೀನಾ? ನೊರೆ ಅಂದ್ಕೊಂಡಿದ್ದೆ.”

“ಅಲ್ಲಿ ಅವರಿಗೆ ಕಡಲೆಕಾಳಿನಷ್ಟು ಗಂಟಿತ್ತು. ಕತ್ತಿ ತಾಗಿದ್ರೆ ರಕ್ತ ನಿಲ್ತಿರ್ಲಿಲ್ಲ. ಅದಕ್ಕೆ ಮೊದಲು ಅದರ ಮೇಲೆ ಒದ್ದೆ ಹತ್ತಿ ಒತ್ತಿ, ಆಮೇಲೆ ಕತ್ತಿ ಎತ್ಕೋತಿದ್ದೆ. ಕಾಯಿಲೆ ಅಂತ ತಿಳಿದ್ರೆ ಹೊರಗಿನೋರು ಮೇಲೆ ಬೀಳ್ತಾರೆ ಅಂತ ಅವರು ಯಾರಿಗೂ ತೋರಿಸ್ತಿರ್ಲಿಲ್ಲ. ಕಾಲರ್ ಮೇಲಕ್ಕೇ ಇರ್ತಿತ್ತು. ನನ್ನ ಮಗನಿಗೂ ಗೊತ್ತಿಲ್ಲ.”

“ಯಾರಿಗೆ ಗೊತ್ತು ಹಾಗಾದ್ರೆ?”

“ಹೋದ ವರ್ಷ ನಾನು ಎರಡು ತಿಂಗಳು ಹಾಸಿಗೆ ಹಿಡಿದಿದ್ದೆ. ಆಗ ಒಬ್ಬರಿಗೆ ಮಾತ್ರ ಕಲಿಸಿದ್ದೆ.” ಬೆಂಚಿನ ಮೇಲೆ ಕೂತಿದ್ದ ಅಕ್ಕನ ಕಡೆ ತಿರುಗಿದೆ. “ಕೊಲ್ಲೋಕೆ ಬಂದಾಗ್ಲೂ ಹತ್ತಿ ಇಟ್ಟೆಯಲ್ಲಮ್ಮ.”



“ಕೈಗೆ ರೂಢಿ ಅಜ್ಜ,” ಎಂದಳು. “ಇಪ್ಪತ್ತು ವರ್ಷ ಎಲ್ಲಾನೂ ನಡೆಸಿದ್ದು ನಾನು. ಆ ಕುರ್ಚಿ ಮಾತ್ರ ಮಗನಿಗೆ. ಇವತ್ತು ಬೇಡ, ಇನ್ನೊಂದ್ಸಲ ಯೋಚನೆ ಮಾಡಿ ಅಂತ, ನೀವು ಬರೋ ಮುಂಚೆ ನಾನೇ ಕ್ಷೌರ ಮಾಡ್ತಾ ಮಾಡ್ತಾ ಕೇಳಿದೆ. ಕಣ್ಣು ಮುಚ್ಕೊಂಡೇ ನಕ್ಕುಬಿಟ್ರು.”

ನಾನು ಇನ್ಸ್‌ಪೆಕ್ಟರ್ ಕಡೆ ನೋಡಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

“ತಪ್ಪೊಪ್ಪಿಗೆ ಇದೆ, ಕತ್ತಿ ಇದೆ. ಹತ್ತಿ ಚೂರನ್ನ ಕೋರ್ಟು ಕೇಳಲ್ಲ ಅಜ್ಜ. ನನಗೂ ಹೆಂಡ್ತಿ ಮಕ್ಕಳಿದಾರೆ.”

*

ಕಂಬಿಯ ಹಿಂದೆ ಮಗ ಗೋಡೆಗೊರಗಿ ಕೂತಿದ್ದ.

“ಹೊತ್ಕೋ ಅಂತ ಅವಳು ಹೇಳಿದ್ಳೇನೋ?”

“ಇಲ್ಲಪ್ಪ. ಅಕ್ಕ ಹಿತ್ತಿಲ ನಲ್ಲೀಲಿ ಕೈ ತೊಳೀತಿದ್ರು, ಕತ್ತಿ ಪಕ್ಕದಲ್ಲಿತ್ತು. ನನ್ನನ್ನ ನೋಡಿದ್ರು. ಅಷ್ಟೇ.”

“ಯಾರೂ ಕೇಳದೇನೇ ತಲೆ ಕೊಟ್ಯಾ?”

“ಕೇಳೋವರೆಗೂ ಕಾಯೋನು ಮನೆಯೋನು ಹೇಗಾಗ್ತಾನೆ?”

“ನೀನು ಯಾವ ಮನೆಯೋನೋ?”

ಅವನು ತಲೆ ತಗ್ಗಿಸಲಿಲ್ಲ. “ಅಕ್ಕ ಇನ್ಮೇಲೆ ಹಿಂದಿನ ಸೀಟಲ್ಲಿ, ಯಜಮಾನರ ಜಾಗದಲ್ಲೇ ಕೂರ್ಲಿ ಅಂತ ಹೇಳಪ್ಪ. ಕಾರಿನ ಬ್ರೇಕು ಸ್ವಲ್ಪ ಬಿಗಿ, ಹೊಸ ಡ್ರೈವರಿಗೆ ಹೇಳೋಕೆ ಹೇಳು.”

ನಾನು ಹೇಗೆ ಮನೆ ಸೇರುತ್ತೇನೆ, ಇನ್ನು ಹೇಗಿರುತ್ತೇನೆ ಎಂದು ಅವನು ಕೇಳಲಿಲ್ಲ.

ಸಂಜೆ ಆ ಮನೆಗೆ ಹೋಗಿ ಎರಡೂ ಮಾತು ಹೇಳಿ ಬಂದೆ.